ಹಳೆಯ ಮೋಟಾರಿನ ಒಳಬಣ್ಣ: ಮೂಲದ್ದೋ, ಆಮೇಲಿನದೋ?

(ಸಂಘದ ಉಚಿತ ವಾಚನಾಲಯದಲ್ಲಿ ರವಿವಾರ ಸಂಜೆ ಮಾಡಿದ ಭಾಷಣ)



ಈ ತಿಂಗಳ ಭಾಷಣವನ್ನು ನೀವೇ ಮಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಾನು ಬಹಳ ಹಿಂಜರಿದೆ. ನಾನು ಓದಿದ್ದು ಮೆಟ್ರಿಕ್‌ವರೆಗೆ. ಗಿರಣಿಯಲ್ಲಿ ಬಣ್ಣದ ಖಾತೆಯ ಕಾರಕೂನ. ಯಾವ ಲಾಟಿಗೆ ಯಾವ ಬಣ್ಣ, ಎಷ್ಟು ಮೀಟರು, ಯಾವ ದಿನ ಹೊರಗೆ ಹೋಯಿತು ಎಂದು ಬರೆದಿಡುವುದು ನನ್ನ ಹೊಟ್ಟೆಪಾಡು. ರವಿವಾರ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಟ್ಟು, ಪುಸ್ತಕಗಳ ದಾಖಲೆ ಬರೆಯುವುದು ನನ್ನ ಸೇವೆ. ಇಷ್ಟರಲ್ಲಿ ಭಾಷಣಕ್ಕೆ ಒದಗುವ ವಿದ್ಯೆ ಎಲ್ಲಿಂದ ಬರಬೇಕು?

ಆಗ ಅವರು, "ಆ ಮೋಟಾರಿನ ಸಂಗತಿಯನ್ನೇ ಹೇಳಿರಿ" ಎಂದರು. ನಮ್ಮಲ್ಲಿ ಅನೇಕರಿಗೆ ಆ ಸಂಗತಿಯ ಅರ್ಧ ಗೊತ್ತು. ಉಳಿದ ಅರ್ಧವನ್ನು ಇಂದು ಹೇಳುತ್ತೇನೆ. ಮೋಟಾರು ಇಟ್ಟುಕೊಳ್ಳುವ ಯೋಗ ನಮ್ಮಲ್ಲಿ ಯಾರಿಗೂ ಇರಲಿಕ್ಕಿಲ್ಲ. ಆದರೆ ಮೋಟಾರಿನ ಕೆಲಸ ಮಾಡುವ ಕೈಗಳು ನಮ್ಮವು ಬಹಳ ಇವೆ. ಗ್ಯಾರೇಜಿನಲ್ಲಿ, ಪೇಂಟಿನ ಅಂಗಡಿಯಲ್ಲಿ, ಸೀಟು ಹೊಲಿಯುವಲ್ಲಿ ನಮ್ಮ ಹುಡುಗರಿದ್ದಾರೆ. ಅವರ ಸಲುವಾಗಿ ಈ ಮಾತು.

ನಮ್ಮ ವಾಚನಾಲಯಕ್ಕೆ ಪ್ರತಿ ರವಿವಾರ ಬರುವ ಒಬ್ಬ ಕಾಕಾ ಇದ್ದಾರೆ. ಅವರು ವಿಜಾಪುರದ ಕಡೆಯವರು. ಮೂವತ್ತು ವರ್ಷದಿಂದ ಮೋಟಾರಿನ ಸೀಟು ಹೊಲಿಯುತ್ತಾರೆ. ಅವರ ಹೆಸರು ಹೇಳುವುದು ಬೇಡವೆಂದು ಅವರೇ ಕೇಳಿಕೊಂಡಿದ್ದಾರೆ. ಅವರಿಗೆ ಒಬ್ಬ ಸೇಠರ ಮನೆಯಿಂದ ಕೆಲಸ ಬಂತು. ಅದೊಂದು ಹಳೆಯ ಇಂಗ್ಲೀಷ್ ಮೋಟಾರು, ಜಾಗ್ವಾರ್ ಕಂಪನಿಯ ಇ-ಟೈಪ್. ಇಬ್ಬರೇ ಕೂಡುವ, ಮೇಲೆ ಬಟ್ಟೆಯ ಮುಚ್ಚಿಗೆಯ ಓಟದ ಗಾಡಿ. ಹೊರಗೆ ಕೆಂಪು, ಒಳಗೂ ಕೆಂಪು. ಕೊಂಡಾಗ ದಲಾಲಿ, "ಕಾರಖಾನೆಯಿಂದಲೇ ಹೀಗೆ ಬಂದದ್ದು" ಎಂದು ಹೇಳಿದ್ದನಂತೆ. ಸೀಟಿನ ಚರ್ಮ ಅಲ್ಲಲ್ಲಿ ಸಿಪ್ಪೆ ಏಳುತ್ತಿತ್ತು. ಅದೇ ಕೆಂಪು ಬಣ್ಣದಲ್ಲಿ ಹೊಸದಾಗಿ ಹೊಲಿದುಕೊಡಬೇಕೆಂಬುದು ಕರಾರು.

ಕಾಕಾ ಸೀಟನ್ನು ಕಳಚಿ ಕುಶನ್ನಿನ ಅಡಿಯ ಮಡಿಕೆ ಬಿಡಿಸಿದರು. ಮಡಿಕೆಯೊಳಗೆ ಚರ್ಮ ಕೆಂಪಾಗಿರಲಿಲ್ಲ. ಕೂಡಲೆ ಕೆಲಸ ನಿಲ್ಲಿಸಿ, ಸೇಠರ ಮ್ಯಾನೇಜರನಿಗೆ ತಿಳಿಸಿದರು. ಮ್ಯಾನೇಜರು ಉಪಕಾರ ನೆನೆಯುವುದು ಬಿಟ್ಟು, "ಒಳ್ಳೆಯ ಚರ್ಮ ಕೆರೆದು ಹಾಳು ಮಾಡಿ ಈಗ ಕತೆ ಹೇಳುತ್ತೀಯಾ? ಚೂರು ನಿನ್ನ ಅಂಗಡಿಯದೇ ಇರಬೇಕು" ಎಂದ. ಆಗಿದ್ದ ಕೆಲಸದ ಹಣವನ್ನೂ ತಡೆಹಿಡಿದ. ಮೂವತ್ತು ವರ್ಷದ ಹೆಸರಿಗೆ ಒಂದೇ ಮಾತಿನಲ್ಲಿ ಮಸಿ.

ಆ ರವಿವಾರ ಕಾಕಾ ಇಲ್ಲಿ ಪತ್ರಿಕೆ ತೆರೆದು ಕೂತಿದ್ದರು, ಆದರೆ ಹಾಳೆ ತಿರುವುತ್ತಿರಲಿಲ್ಲ. ಕೇಳಿದೆ. "ತಮ್ಮಾ, ನೀ ಬಣ್ಣದ ಖಾತೇದಾಗ ಇರಾಂವ. ಇದನ್ನ ಒರಿಗಿ ಹಚ್ಚಿ ತೋರಿಸೋ ಹಾದಿ ಏನರೆ ಐತೇನು?" ಎಂದರು. ನನಗೆ ಮೋಟಾರಿನ ಗಂಧವೂ ಇರಲಿಲ್ಲ. ಆದರೆ ದಾಖಲೆ ಎಂದರೇನು, ಬಣ್ಣ ಎಂದರೇನು ಎಂಬುದು ಸ್ವಲ್ಪ ಗೊತ್ತು. ಅಲ್ಲಿಂದ ಓದಲು ತೊಡಗಿದೆ, ಗೊತ್ತಿದ್ದವರನ್ನು ಕೇಳಿದೆ. ತಿಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು ಆ ಮೋಟಾರಿನ ವಿಷಯ. ಇ-ಟೈಪ್ ಮೋಟಾರನ್ನು 1961ರ ಮಾರ್ಚಿಯಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಜಗತ್ತಿಗೆ ತೋರಿಸಿದರು. ತೋರಿಸಲು ಇಂಗ್ಲೆಂಡಿನಿಂದ ಎರಡು ಗಾಡಿಗಳನ್ನು ರಸ್ತೆಯ ಮೇಲೆಯೇ ಓಡಿಸಿಕೊಂಡು ಹೋದರು. ಮುಚ್ಚಿದ ಮೈಯ ಗಾಡಿಯನ್ನು ಬಾಬ್ ಬೆರಿ ಎಂಬವರು ಒಯ್ದರು. ನೋಡುವವರ ನೂಕುನುಗ್ಗಲು ತಡೆಯಲಾಗದೆ ಇನ್ನೊಂದನ್ನು ಕರೆಸಬೇಕಾಯಿತು. ತೆರೆದ ಮೈಯ ಹಸಿರು ಗಾಡಿಯನ್ನು ನಾರ್ಮನ್ ಡೂಯಿಸ್ ಎಂಬ ಪರೀಕ್ಷಕರು ಕೊವೆಂಟ್ರಿಯಿಂದ ರಾತ್ರಿಯೆಲ್ಲ ಓಡಿಸಿ ಮುಟ್ಟಿಸಿದರು. ಕೊವೆಂಟ್ರಿ ಊರಿನ ಬ್ರೌನ್ಸ್ ಲೇನ್ ಕಾರಖಾನೆಯಲ್ಲಿ 1974ರವರೆಗೆ ಈ ಜಾತಿಯ ಗಾಡಿಗಳು ಸುಮಾರು 72,500 ತಯಾರಾದವು. ಮೊದಲಿನವು 3.8 ಲೀಟರಿನ ಎಂಜಿನಿನವು. 1964ರ ಕೊನೆಯಿಂದ 4.2 ಲೀಟರು, 1971ರಿಂದ ಹನ್ನೆರಡು ಸಿಲಿಂಡರಿನವು. ನಮ್ಮ ಊರಿಗೂ ಇದಕ್ಕೂ ಒಂದು ನಂಟು ಉಂಟು. ಆ ಜಾಗ್ವಾರ್ ಕಂಪನಿಯನ್ನು 2008ರಲ್ಲಿ ಟಾಟಾ ಮೋಟರ್ಸ್‌ನವರು ಕೊಂಡರು. ನಮ್ಮ ಮುಂಬಯಿಯ ಫೋರ್ಟಿನಲ್ಲಿರುವ ಬಾಂಬೆ ಹೌಸಿನ ಮುಂದೆ ನಾವೆಷ್ಟು ಸಲ ಹಾದುಹೋಗಿದ್ದೇವೋ!

ಇಂಥ ಗಾಡಿಗೆ ಈಗ ಬೆಲೆ ಬಹಳ. ಬೆಲೆ ಕಟ್ಟುವವರು ಮೊದಲು ಕೇಳುವುದು, ಕಾರಖಾನೆ ಬಿಟ್ಟಾಗ ಹೇಗಿತ್ತೋ ಹಾಗೆಯೇ ಇದೆಯೇ ಎಂದು. ಎಂಜಿನು ಅದೇ ಏನು, ಹೊರಬಣ್ಣ ಅದೇ ಏನು, ಒಳಬಣ್ಣ ಅದೇ ಏನು? ಒಳಬಣ್ಣದ ಪ್ರಶ್ನೆಯೇ ಎಲ್ಲಕ್ಕಿಂತ ತೊಡಕಿನದು. ಯಾಕೆಂದರೆ ಸೀಟು, ಜಮಖಾನೆ, ಬಾಗಿಲ ಹೊದಿಕೆ ಇವು ಸವೆಯುವ ವಸ್ತುಗಳು. ಅರವತ್ತು ವರ್ಷದಲ್ಲಿ ನಾಲ್ಕು ಮಾಲಿಕರು ನಾಲ್ಕು ಮನಸ್ಸು ಮಾಡಿರುತ್ತಾರೆ.

ಇಲ್ಲಿ ಒಂದು ಮಾತಿನ ಗೊಂದಲವನ್ನು ಬಿಡಿಸಬೇಕು. 'ಮೂಲದ್ದು' ಎಂಬ ಒಂದೇ ಶಬ್ದದಲ್ಲಿ ಮೂರು ಅರ್ಥ ಸೇರಿಕೊಂಡಿವೆ. ಒಂದು, ಕಾರಖಾನೆಯಲ್ಲಿ ಕೂಡಿಸಿದ ಚರ್ಮವೇ ಇವತ್ತಿಗೂ ಇದೆ ಎಂಬುದು. ಎರಡು, ಚರ್ಮ ಹೊಸದು, ಆದರೆ ಬಣ್ಣ ಕಾರಖಾನೆ ಆ ಗಾಡಿಗೆ ಕೊಟ್ಟದ್ದೇ ಎಂಬುದು. ಮೂರು, ಆ ಗಾಡಿಗೆ ಕೊಟ್ಟ ಬಣ್ಣವಲ್ಲ, ಆದರೆ ಆ ಕಾಲದಲ್ಲಿ ಕಾರಖಾನೆಯ ಪಟ್ಟಿಯಲ್ಲಿ ಇದ್ದ ಬಣ್ಣ ಎಂಬುದು. ಮಾರುವವರು ಮೂರನೆಯದನ್ನು ಮೊದಲನೆಯದರ ದನಿಯಲ್ಲಿ ಹೇಳುತ್ತಾರೆ. ಕೇಳುವವರು ಕೇಳಬೇಕಾದ್ದು ಇಷ್ಟೇ: "ಮೂರರಲ್ಲಿ ಯಾವುದು, ಸ್ವಾಮಿ?"

ಇನ್ನು ಪರೀಕ್ಷೆಯ ಬಗೆ. ಅದಕ್ಕೆ ಎರಡು ಸಾಕ್ಷಿಗಳು: ಒಂದು ಕಾಗದ, ಇನ್ನೊಂದು ಗಾಡಿಯ ಮೈ. ಎರಡೂ ಒಂದೇ ಮಾತು ಹೇಳಬೇಕು.

ಕಾಗದದ ಸಾಕ್ಷಿ ದೇಶದಿಂದ ದೇಶಕ್ಕೆ ಬೇರೆ. ಅಮೇರಿಕದ ಕಾರ್ವೆಟ್ ಎಂಬ ಓಟದ ಗಾಡಿಗೆ 1963ರಿಂದ ಒಂದು ಸಣ್ಣ ಲೋಹದ ಪಟ್ಟಿ ಕೂಡಿಸುತ್ತಿದ್ದರು. ಹೊರಬಣ್ಣಕ್ಕೊಂದು, ಒಳಗಿನ ಹೊದಿಕೆಗೊಂದು ಗುರುತು ಅದರ ಮೇಲೆ ಒತ್ತಿರುತ್ತದೆ. ಫೋರ್ಡಿನ ಮಸ್ಟಾಂಗ್ ಗಾಡಿಯಲ್ಲಿ ಇಂಥ ಪಟ್ಟಿ ಬಾಗಿಲಿನ ಮೇಲಿದೆ. 1965ರ ಗಾಡಿಯಲ್ಲಿ 'ಎಂ' ಅಕ್ಷರವಿದ್ದರೆ ಹೊರಗೆ ವಿಂಬಲ್ಡನ್ ವೈಟ್ ಎಂಬ ಬಿಳುಪು, '26' ಇದ್ದರೆ ಒಳಗೆ ಕಪ್ಪು ವಿನೈಲು. ಓದಲು ಸುಲಭ. ಆದರೆ ಬಾಗಿಲು ಬದಲಿಸಿದರೆ ಪಟ್ಟಿಯೂ ಬದಲಾಯಿತು. ಹೊಸ ಪಟ್ಟಿ ಒತ್ತಿಕೊಡುವವರೂ ಇದ್ದಾರೆ. ಜರ್ಮನಿಯಲ್ಲಿ ಪೋರ್ಶ ಕಂಪನಿ ಗಾಡಿಗೊಂದು ಕಾರ್ಡು ಬರೆದಿಟ್ಟಿತ್ತು; ಮರ್ಸಿಡಿಸ್‌ನವರದೂ ಅದೇ ರೀತಿ ಗಾಡಿಗೊಂದು ವಿವರದ ಕಾರ್ಡು.

ಜಾಗ್ವಾರ್ ಇ-ಟೈಪಿನದು ಬೇರೆ. ಎಂಜಿನಿನ ಹತ್ತಿರ ಒಂದು ಫಲಕವುಂಟು. ಅದರ ಮೇಲೆ ಚಾಸಿಸ್, ಎಂಜಿನು, ಬಾಡಿ, ಗೇರುಪೆಟ್ಟಿಗೆ ಈ ನಾಲ್ಕರ ಸಂಖ್ಯೆಗಳು ಇವೆ. ಬಣ್ಣದ ಮಾತೇ ಇಲ್ಲ. ಬಣ್ಣವನ್ನು ಬರೆದದ್ದು ಕಾರಖಾನೆಯ ಖಾತೆಪುಸ್ತಕದಲ್ಲಿ. ಇದನ್ನು ಓದಿದಾಗ ನನಗೆ ನಮ್ಮ ಗಿರಣಿಯೇ ಕಣ್ಣಿಗೆ ಬಂತು. ಕೊವೆಂಟ್ರಿಯಲ್ಲಿಯೂ ಯಾರೋ ಒಬ್ಬ ಕಾರಕೂನ ಕೂತು, ಈ ಸಂಖ್ಯೆಯ ಗಾಡಿ, ಹೊರಬಣ್ಣ ಇದು, ಒಳಬಣ್ಣ ಇದು, ಮುಚ್ಚಿಗೆಯ ಬಣ್ಣ ಇದು, ಈ ತಾರೀಖಿಗೆ ತಯಾರು, ಈ ತಾರೀಖಿಗೆ ರವಾನೆ, ಇಂಥ ವ್ಯಾಪಾರಿಗೆ ಎಂದು ಸಾಲಿನ ಮೇಲೆ ಸಾಲು ಬರೆದಿದ್ದಾನೆ. ಮುಂದೊಂದು ದಿನ ಮುಂಬಯಿಯಲ್ಲಿ ಒಬ್ಬ ಸೀಟು ಹೊಲಿಯುವವನ ಮಾನ ಆ ಸಾಲಿನ ಮೇಲೆ ನಿಲ್ಲುತ್ತದೆಂದು ಅವನಿಗೇನು ಗೊತ್ತು?

ಆ ದಾಖಲೆಗಳನ್ನು ಕಾಯಲು 1983ರಲ್ಲಿ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಗಾಡಿ ತನ್ನದೆಂಬುದಕ್ಕೆ ಆಧಾರ ತೋರಿಸಿ, ಸಂಖ್ಯೆಗಳನ್ನು ಕೊಟ್ಟು, ಶುಲ್ಕ ಕಟ್ಟಿದ ಮಾಲಿಕನಿಗೆ ಖಾತೆಯಲ್ಲಿದ್ದ ವಿವರದ ಪ್ರಮಾಣಪತ್ರ ದೊರೆಯುತ್ತದೆ. ಒಳಬಣ್ಣದ ಹೆಸರು ಅದರಲ್ಲಿ ಇರುತ್ತದೆ.

ಆದರೆ ಪ್ರಮಾಣಪತ್ರ ಬಂದೊಡನೆ ಕುಣಿಯಬಾರದು. ಆ ಪತ್ರ ಈ ಗಾಡಿಯದೇ ಎಂದು ಮೊದಲು ಗೊತ್ತಾಗಬೇಕು. ಇ-ಟೈಪಿನ ಮುಂಭಾಗದಲ್ಲಿ ಎಂಜಿನನ್ನು ಹೊರುವ ಕೊಳವೆಗಳ ಚೌಕಟ್ಟು ಇದೆ. ಚಾಸಿಸ್ ಸಂಖ್ಯೆಯನ್ನು ಒತ್ತಿರುವುದು ಅದರ ಮೇಲೆ. ಆ ಚೌಕಟ್ಟನ್ನು ಬೋಲ್ಟಿನಿಂದ ಕೂಡಿಸಿರುತ್ತಾರೆ. ಅಪಘಾತವಾದರೆ ಬಿಚ್ಚಿ ಬೇರೆಯದನ್ನು ಹಾಕಬಹುದು. ಆದ್ದರಿಂದ ಫಲಕದ ಸಂಖ್ಯೆ, ಚೌಕಟ್ಟಿನ ಸಂಖ್ಯೆ, ಬಾಡಿಯ ಸಂಖ್ಯೆ, ಎಂಜಿನಿನ ಸಂಖ್ಯೆ ಇವನ್ನೆಲ್ಲ ಗಾಡಿಯ ಮೇಲೆಯೇ ಓದಿ, ಪತ್ರದೊಡನೆ ತಾಳೆ ನೋಡಬೇಕು. ಬಲಗಡೆ ಚಕ್ರದ ತೆರೆದ ಗಾಡಿಗಳ ಸಂಖ್ಯೆ 850001ರಿಂದ ತೊಡಗಿತು. ಎಡಗಡೆ ಚಕ್ರದವು 875001ರಿಂದ. ಮುಚ್ಚಿದ ಮೈಯವು ಬಲಕ್ಕೆ 860001, ಎಡಕ್ಕೆ 885001. 3.8 ಲೀಟರಿನ ಎಂಜಿನಿನ ಸಂಖ್ಯೆಗೆ ಮೊದಲು 'ಆರ್' ಅಕ್ಷರವಿರುತ್ತದೆ. ತೆರೆದ ಗಾಡಿಯ ಮೇಲೆ ಮುಚ್ಚಿದ ಗಾಡಿಯ ಸರಣಿಯ ಸಂಖ್ಯೆ ಕಂಡರೆ ಒಳಬಣ್ಣ ನೋಡುವ ಕೆಲಸವನ್ನು ಬದಿಗಿಟ್ಟು ಮೊದಲು ಅದನ್ನು ಕೇಳಬೇಕು.

ಕಂಪನಿ ಅಚ್ಚು ಹಾಕಿಸಿದ ಬಣ್ಣದ ಪಟ್ಟಿಗಳೂ ಇದ್ದವು. ಯಾವ ಹೊರಬಣ್ಣಕ್ಕೆ ಯಾವ ಒಳಬಣ್ಣ ಒಪ್ಪುತ್ತದೆಂದು ಅವು ಹೇಳುತ್ತವೆ. ಮೊದಲ ವರ್ಷಗಳಲ್ಲಿ ಕಾರ್ಮೆನ್ ರೆಡ್ ಎಂಬ ಕೆಂಪಿಗೆ ಕಪ್ಪು, ಕೆಂಪು, ಬೇಜ್ ಎಂಬ ಮಾಸಲು ಮಣ್ಣಬಣ್ಣ ಇವು ಜೋಡಿ. ಬ್ರಿಟಿಷ್ ರೇಸಿಂಗ್ ಗ್ರೀನ್ ಎಂಬ ಕಡುಹಸಿರಿಗೆ ಸ್ವೀಡ್ ಗ್ರೀನ್, ಬೇಜ್, ಎರಡು ಬಗೆಯ ಕಂದು. ಪಟ್ಟಿ ಉಪಯುಕ್ತವೇ, ಆದರೆ ಅದು ತೀರ್ಪಲ್ಲ. ಗಿರಾಕಿ ಬೇಡಿದರೆ ಪಟ್ಟಿಗೆ ಹೊರತಾದ ಜೋಡಿಯನ್ನೂ ಮಾಡಿಕೊಡುತ್ತಿದ್ದರು. ಪಟ್ಟಿಯಲ್ಲಿ ಇದೆ ಎಂದ ಮಾತ್ರಕ್ಕೆ ಈ ಗಾಡಿಗೆ ಇತ್ತು ಎಂದಾಗುವುದಿಲ್ಲ. ಪಟ್ಟಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಸುಳ್ಳೆಂದೂ ಆಗುವುದಿಲ್ಲ. ಸೇಠರ ದಲಾಲಿ ಸಿಕ್ಕಿಬಿದ್ದದ್ದೂ ಸಿಕ್ಕಿಬೀಳದೆ ಉಳಿದದ್ದೂ ಇಲ್ಲಿಯೇ. ಕೆಂಪಿಗೆ ಕೆಂಪು ಪಟ್ಟಿಯಲ್ಲಿ ಇತ್ತಷ್ಟೆ. ಅದನ್ನೇ ತೋರಿಸಿ ಗಾಡಿ ಮಾರಿದ್ದ.

ಈಗ ಎರಡನೆಯ ಸಾಕ್ಷಿ, ಗಾಡಿಯ ಮೈ. ಇದು ಕಾಕಾ ಅವರ ವಿದ್ಯೆ. ನಾನು ಅವರ ಮಾತನ್ನು ದಾಟಿಸುವವನು ಮಾತ್ರ.

ಬಣ್ಣ ಬದಲಿಸುವವನು ಕಣ್ಣಿಗೆ ಕಾಣುವುದನ್ನು ಬದಲಿಸುತ್ತಾನೆ. ಕಾಣದ್ದನ್ನು ಬದಲಿಸಲು ಕೂಲಿ ಕೊಡುವವರಿಲ್ಲ. ಆದಕಾರಣ ಕಾಣದ ಕಡೆಯಲ್ಲಿ ಹುಡುಕಬೇಕು. ಸೀಟಿನ ಚರ್ಮ ಚೌಕಟ್ಟಿನ ಕೆಳಗೆ ಮಡಿಚಿ ಸಿಕ್ಕಿಸಿದ ಅಂಚು, ಬಾಗಿಲ ಹೊದಿಕೆಯ ಹಲಗೆಯ ಬೆನ್ನು, ಜಮಖಾನೆಯ ಅಡಿಯ ಹಳೆಯ ಅಂಟು, ಗೇರುಪೆಟ್ಟಿಗೆಯ ಮೇಲಿನ ಉಬ್ಬಿನ ಮೂಲೆ, ಹಿಂದಿನ ಸಾಮಾನಿನ ಜಾಗದ ಹಾಸು, ಇವು ಮೂಲ ಬಣ್ಣ ಅಡಗಿ ಕೂಡುವ ಜಾಗಗಳು. ಆ 3.8 ಲೀಟರಿನ ಗಾಡಿಗಳಲ್ಲಿ ಸೀಟಿನ ಮೈ ತಾಗುವ ಭಾಗ ಮಾತ್ರ ಚರ್ಮ. ಬೆನ್ನಿನ ಕಡೆ ಅದೇ ಬಣ್ಣದ ವಿನೈಲು. ಚರ್ಮಕ್ಕೆ ಹಾಕಿದ ಬಣ್ಣ ವಿನೈಲಿನ ಮೇಲೆ ಬೇರೆ ರೀತಿಯಲ್ಲಿ ಹಿಡಿಯುತ್ತದೆ. ಎರಡನ್ನೂ ಪಕ್ಕಪಕ್ಕಕ್ಕೆ ನೋಡಿದರೆ ಮರುಬಣ್ಣ ಬೇಗ ತಿಳಿಯುತ್ತದೆ.

ಇನ್ನೊಂದು ಗುಟ್ಟು ದಾರದ್ದು. ಕಾರಖಾನೆಯಲ್ಲಿ ಚರ್ಮಕ್ಕೆ ಬಣ್ಣ ಹಾಕುವುದು ಹೊಲಿಯುವ ಮೊದಲು. ದಾರ ಬೇರೆಯಾಗಿ ಬಣ್ಣಕಟ್ಟಿ ಬರುತ್ತದೆ. ಹೊಲಿದ ಸೀಟಿನ ಮೇಲೆ ಆಮೇಲೆ ಬಣ್ಣ ಬಳಿದರೆ ದಾರವೂ ಬಣ್ಣದಲ್ಲಿ ಮುಳುಗಿ ಬಿರುಸಾಗುತ್ತದೆ. ಹೊಲಿಗೆಯನ್ನು ಸ್ವಲ್ಪ ಅಗಲಿಸಿ ನೋಡಿದರೆ ಮೇಲೆ ಒಂದು ಬಣ್ಣ, ಸೂಜಿಯ ತೂತಿನೊಳಗೆ ಇನ್ನೊಂದು ಬಣ್ಣ. ತೂತಿನ ಸಾಲು ಎರಡಿದ್ದು ದಾರ ಒಂದೇ ಸಾಲಿನಲ್ಲಿದ್ದರೆ ಸೀಟನ್ನು ಒಮ್ಮೆ ಬಿಚ್ಚಿ ಹೊಲಿದಿದ್ದಾರೆಂದು ಅರ್ಥ. ಚರ್ಮದ ಬಿರುಕಿನಲ್ಲಿ ಬಣ್ಣ ಇಳಿದು ನಿಂತಿದ್ದರೆ, ಬಿರುಕು ಬಿಟ್ಟ ಮೇಲೆ ಬಳಿದದ್ದು. ಬಿರುಕಿನೊಳಗೆ ಬೇರೆ ಬಣ್ಣ ಕಂಡರೆ, ಬಳಿದ ಮೇಲೆ ಬಿರಿದದ್ದು.

ಒಂದು ಎಚ್ಚರಿಕೆ. ಪರೀಕ್ಷೆ ಎಂದು ಥಿನ್ನರು ಹಚ್ಚಿ ಉಜ್ಜಬೇಡಿರಿ. ಆ ಕಾಲದ ಇಂಗ್ಲೀಷ್ ಗಾಡಿಗಳ ಚರ್ಮ ಬಹುತೇಕ ಕೊನೊಲಿ ಎಂಬ ಮನೆತನದ್ದು; 1878ರಲ್ಲಿ ತೊಡಗಿದ ಅವರ ಚರ್ಮದ ಕಾರಖಾನೆ 2002ರಲ್ಲಿ ಮುಚ್ಚಿತು. ಆ ಹಳೆಯ ಚರ್ಮದ ಮೇಲಿನ ಬಣ್ಣದ ಪೊರೆ ಥಿನ್ನರಿಗೆ ಕರಗುತ್ತದೆ. ಮೇಲಿನ ಕಳ್ಳನನ್ನು ಹಿಡಿಯಲು ಹೋಗಿ ಕೆಳಗಿನ ಮಾಲಿಕನನ್ನೂ ಓಡಿಸಿದಂತೆ. ಬಿಳಿಯ ಬಟ್ಟೆ, ಸೌಮ್ಯವಾದ ಸಾಬೂನಿನ ನೀರು, ಕಾಣದ ಒಂದು ಮೂಲೆ: ಇಷ್ಟು ಸಾಕು.

ಬಾಗಿಲ ಹೊದಿಕೆ ತೆಗೆದಾಗ ಒಳಗಿನ ತಗಡಿನ ಬಣ್ಣವನ್ನೂ ನೋಡಬೇಕು. ಹೊರಗೆ ಮರುಬಣ್ಣ ಹೊಡೆದವರು ಅಲ್ಲಿಯವರೆಗೆ ಹೋಗುವುದು ಅಪರೂಪ. ಹೊರಬಣ್ಣ ಗೊತ್ತಾದರೆ ಒಳಬಣ್ಣದ ಊಹೆಗೂ ಒಂದು ಆಧಾರ ಸಿಕ್ಕುತ್ತದೆ.

ಈಗ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಕಾಕಾ ಮೊದಲ ಚೂರನ್ನು ಕಾಗದದಲ್ಲಿ ಸುತ್ತಿ ಸಂಜೆ ನನ್ನ ಖೋಲಿಗೆ ತಂದರು. ನಾನು ಬಲ್ಬಿನ ಬೆಳಕಿನಲ್ಲಿ ನೋಡಿ, ಬಣ್ಣದ ಖಾತೆಯವನೆಂಬ ಹಮ್ಮಿನಿಂದ, "ಕಾಕಾ, ಇದು ಬೂದುಬಣ್ಣ" ಎಂದುಬಿಟ್ಟೆ. ಬಾಗಿಲೊಳಗಿನ ತಗಡು ಕಡುಹಸಿರು ಎಂದು ಅವರು ಆಗಲೇ ಹೇಳಿದ್ದರು. ಕಡುಹಸಿರಿಗೆ ಬೂದುಬಣ್ಣ ಪಟ್ಟಿಯಲ್ಲಿ ಇರಲಿಲ್ಲ. ಹಾಗಾದರೆ ಕಾರಖಾನೆಯದಲ್ಲ, ನಡುವೆ ಯಾರೋ ಹಾಕಿಸಿದ್ದು ಎಂದು ತೀರ್ಮಾನ ಹೇಳಿದೆ. ಕಾಕಾ ಮಾತಾಡದೆ ಚೂರನ್ನು ಸುತ್ತಿಕೊಂಡು ಹೋದರು. ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲವೆಂದು ಆಮೇಲೆ ತಿಳಿಯಿತು.

ಮರುದಿನ ಗಿರಣಿಯಲ್ಲಿ ಕೆಲಸ ಮಾಡುತ್ತಿರುವಾಗ ನನಗೆ ನಾಚಿಕೆಯಾಯಿತು. ನಮ್ಮಲ್ಲಿ ಬಣ್ಣ ತಾಳೆ ನೋಡಲು ಒಂದು ಬೆಳಕಿನ ಪೆಟ್ಟಿಗೆ ಇದೆ. ಅದರಲ್ಲಿ ಹಗಲಿನಂಥ ಬೆಳಕು ಒಂದು, ಅದಕ್ಕೆ ಡಿ-65 ಎಂದು ಹೆಸರು. ಅಂಗಡಿಯ ಟ್ಯೂಬಿನಂಥದು ಒಂದು. ಹಳೆಯ ಬಲ್ಬಿನ ಹಳದಿ ಬೆಳಕು ಒಂದು. ಎರಡು ಬಟ್ಟೆಗಳು ಒಂದು ಬೆಳಕಿನಲ್ಲಿ ಅವಳಿಯಂತೆ ಕಂಡು ಇನ್ನೊಂದರಲ್ಲಿ ಪರಕೀಯವಾಗುವುದನ್ನು ನಾನು ದಿನಾ ನೋಡುವವನು. ಅದಕ್ಕೆ ಕಾರಣವುಂಟು. ಬೇರೆ ಬೇರೆ ಬಣ್ಣದ ದ್ರವ್ಯಗಳನ್ನು ಬೆರಸಿ ಒಂದೇ ಛಾಯೆ ತರಬಹುದು; ಆದರೆ ಪ್ರತಿಯೊಂದು ದ್ರವ್ಯವೂ ಬೆಳಕಿನ ಬೇರೆ ಬೇರೆ ಭಾಗವನ್ನು ನುಂಗುತ್ತದೆ. ಬೆಳಕು ಬದಲಾದೊಡನೆ ಗುಟ್ಟು ಹೊರಬೀಳುತ್ತದೆ. ಇಷ್ಟು ಗೊತ್ತಿದ್ದೂ ಹಳದಿ ಬಲ್ಬಿನ ಕೆಳಗೆ ತೀರ್ಪು ಕೊಟ್ಟಿದ್ದೆ!

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಕಾಕಾ ಅವರ ಅಂಗಡಿಗೆ ಹೋದೆ. ಚೂರನ್ನು ಬಾಗಿಲಿಗೆ ತಂದು, ಬಿಸಿಲು ನೇರ ಬೀಳದ ನೆರಳಿನಲ್ಲಿ, ಬಿಳಿಯ ಕಾಗದದ ಮೇಲಿಟ್ಟು ನೋಡಿದೆವು. ಹಸಿರು. ಮಂಕಾದ, ಬೂದಿ ಕಲಸಿದಂಥ, ಆದರೆ ನಿಸ್ಸಂದೇಹವಾಗಿ ಹಸಿರು. ನಾನು ತಪ್ಪೊಪ್ಪಿಕೊಂಡೆ. "ಇರಲಿ ಬಿಡು ತಮ್ಮಾ, ಈಗರೆ ಕಂಡಿತಲ್ಲ" ಎಂದು ಚಹಾ ತರಿಸಿದರು.

ಅಲ್ಲಿಂದ ಮುಂದೆ ಎಲ್ಲವನ್ನೂ ಗಿರಣಿಯ ರೀತಿಯಲ್ಲಿ ಮಾಡಿದೆವು. ಒಂದು ನೋಟುಬುಕ್ಕು ತಂದೆವು. ಏನನ್ನು ಬಿಚ್ಚುವುದಿದ್ದರೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ, ಬಿಚ್ಚುವಾಗ ಒಂದು, ಬಿಚ್ಚಿದ ಮೇಲೆ ಒಂದು. ಸಿಕ್ಕ ಪ್ರತಿ ಚೂರಿಗೆ ಒಂದು ಲಕೋಟೆ, ಲಕೋಟೆಯ ಮೇಲೆ ಸಂಖ್ಯೆ, ತಾರೀಖು, ಸಿಕ್ಕ ಜಾಗ. ಎಡ ಸೀಟನ್ನು ಬಿಚ್ಚಿಯಾಗಿತ್ತು. ಅದರ ಮೇಲೆ ಮ್ಯಾನೇಜರನಿಗೆ ನಂಬಿಕೆಯಿರಲಿಲ್ಲ. ಬಲ ಸೀಟಿಗೆ ಇನ್ನೂ ಕೈ ಹಚ್ಚಿರಲಿಲ್ಲ. ಅದನ್ನು ಮ್ಯಾನೇಜರನ ಕಣ್ಣ ಮುಂದೆಯೇ ಬಿಚ್ಚಬೇಕೆಂದು ನಾನು ಹೇಳಿದೆ. ಕಾಕಾ ಫೋನು ಮಾಡಿ, "ಸಾಹೇಬ್ರ, ನೀವು ಬಂದು ನಿಲ್ಲಬೇಕ್ರಿ. ನಿಮ್ಮ ಕೈಯಾಗ ಕತ್ರಿ ಕೊಡ್ತೀನಿ" ಎಂದರು.

ಮ್ಯಾನೇಜರು ಬಂದ, ಸೇಠರೂ ಬಂದರು. ಕತ್ತರಿಯನ್ನು ಸೇಠರೇ ಹಿಡಿದರು. ಮಡಿಕೆ ಬಿಚ್ಚಿದಾಗ ಒಳಗೆ ಹಸಿರು. ಹೊಲಿಗೆಯ ತೂತಿನಲ್ಲಿ ಹಸಿರು ದಾರ. ಬಾಗಿಲ ಹಲಗೆಯ ಮೇಲಿನ ಕೆಂಪು ವಿನೈಲಿನ ಕೆಳಗೆ ಹಸಿರು ವಿನೈಲು ಹಾಗೆಯೇ ಇತ್ತು. ಹಳೆಯದರ ಮೇಲೆಯೇ ಹೊಸದನ್ನು ಅಂಟಿಸಿದ್ದರು. ಜಮಖಾನೆಯ ಅಡಿಯ ಅಂಟಿನಲ್ಲಿ ಹಸಿರು ಉಣ್ಣೆಯ ಎಳೆಗಳು. ಸೇಠರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನೋಟುಬುಕ್ಕನ್ನು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು.

ಆದರೂ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮೈಯ ಸಾಕ್ಷಿ ಹೇಳುವುದು 'ಕೆಂಪಿಗಿಂತ ಮೊದಲು ಹಸಿರಿತ್ತು' ಎಂದು. ಹಸಿರಿಗಿಂತ ಮೊದಲು ಇನ್ನೊಂದು ಇರಲಿಲ್ಲವೆಂದು ಅದೊಂದರಿಂದಲೇ ಹೇಳಲಾಗದು. ಅದಕ್ಕೆ ಕಾಗದ ಬೇಕು. ಸೇಠರು ಪ್ರಮಾಣಪತ್ರಕ್ಕೆ ಬರೆದರು. ಅದು ಬರುವವರೆಗೆ ಕಾಕಾ ಅವರ ಹಣ ಅರ್ಧ ಬಂತು, ಅರ್ಧ ಉಳಿಯಿತು. ಆ ವಾರಗಳಲ್ಲಿ ಅವರು ರಿಕ್ಷಾದ ಸೀಟುಗಳನ್ನು ಹೊಲಿದು ಮನೆ ನಡೆಸಿದರು.

ಕೊನೆಗೆ ಪತ್ರ ಬಂತು. ಅದನ್ನು ಓದಲು ಕಾಕಾ ಇಲ್ಲಿಗೇ, ಈ ಮೇಜಿಗೇ ತಂದರು. ನಾಲ್ಕೂ ಸಂಖ್ಯೆಗಳನ್ನು ಫೋಟೋದೊಡನೆ ತಾಳೆ ನೋಡಿದೆವು, ಕೂಡಿದವು. ಹೊರಬಣ್ಣ: ಬ್ರಿಟಿಷ್ ರೇಸಿಂಗ್ ಗ್ರೀನ್. ಒಳಬಣ್ಣ: ಸ್ವೀಡ್ ಗ್ರೀನ್. ನಾನು ಎರಡು ಸಲ ಗಟ್ಟಿಯಾಗಿ ಓದಿದೆ. ಮೂರನೆಯ ಸಲ ಓದು ಎಂದರು ಕಾಕಾ.

ಪತ್ರ ಬಣ್ಣದ ಹೆಸರು ಕೊಡುತ್ತದೆ, ಬಣ್ಣವನ್ನು ಕೊಡುವುದಿಲ್ಲ. ಸ್ವೀಡ್ ಗ್ರೀನ್ ಎಂದರೆ ಎಷ್ಟು ಹಸಿರು? ಇಂದು ಅದೇ ಹೆಸರಿನಲ್ಲಿ ಚರ್ಮ ಮಾರುವವರು ಹಲವರಿದ್ದಾರೆ. ಒಬ್ಬರದು ಇನ್ನೊಬ್ಬರಂತೆ ಇರುವುದಿಲ್ಲ. ಕಾಲವೂ ಬಣ್ಣವನ್ನು ಕದಿಯುತ್ತದೆ. ಗಿರಣಿಯಲ್ಲಿ ನಾವು ಬಿಸಿಲಿಗೆ ಬಣ್ಣ ಎಷ್ಟು ತಡೆಯುತ್ತದೆಂದು ನೀಲಿ ಉಣ್ಣೆಯ ಎಂಟು ಪಟ್ಟಿಗಳೊಡನೆ ಹೋಲಿಸಿ 1ರಿಂದ 8ರವರೆಗೆ ಅಂಕ ಕೊಡುತ್ತೇವೆ. ಮೋಟಾರಿನ ಚರ್ಮಕ್ಕೂ ಬಿಸಿಲು ಅದೇ ಬಿಸಿಲು. ಆದ್ದರಿಂದ ಹೊಸ ಚರ್ಮ ತರಿಸುವಾಗ ಸೀಟಿನ ಮೇಲ್ಮೈಯನ್ನು ನಮೂನೆಯಾಗಿ ಕಳಿಸಬಾರದು. ಬೆಳಕು ಕಾಣದ ಮಡಿಕೆಯ ಚೂರನ್ನು ಕಳಿಸಬೇಕು. ಹಾಗೆಯೇ ಮಾಡಿದರು. ಬಂದ ಮೂರು ಮಾದರಿಗಳನ್ನು ಹಗಲಿನಲ್ಲಿಯೂ ಟ್ಯೂಬಿನಲ್ಲಿಯೂ ಬಲ್ಬಿನಲ್ಲಿಯೂ ಹಿಡಿದು ನೋಡಿ, ಮೂರರಲ್ಲಿಯೂ ನಿಂತ ಒಂದನ್ನು ಆರಿಸಿದರು.

ಕಂಪನಿಯವರೂ ಈ ಕಷ್ಟವನ್ನು ಕಂಡವರೇ. ಇ-ಟೈಪಿಗೆ 60 ವರ್ಷ ತುಂಬಿದ 2021ರಲ್ಲಿ, ಜಿನೀವಾಕ್ಕೆ ಹೋದ ಆ ಎರಡು ಗಾಡಿಗಳ ನೆನಪಿಗೆ ಹಳೆಯ ಗಾಡಿಗಳನ್ನು ನವೀಕರಿಸಿ ಆರು ಜೊತೆ ತಯಾರಿಸಿದರು. ಆ ಬೂದು, ಆ ಹಸಿರು ಎರಡನ್ನೂ ಅದಕ್ಕೆಂದೇ ಬೇರೆಯಾಗಿ ಕಲಸಿದರು.

ಸೇಠರು ಒಳಗೆ ಹಸಿರನ್ನೇ ಹಾಕಿಸಿದರು. ಹೊರಗಿನ ಕೆಂಪು ಸದ್ಯಕ್ಕೆ ಹಾಗೆಯೇ ಇದೆ. ಅದು ಅವರ ಗಾಡಿ, ಅವರ ಇಚ್ಛೆ. ದಲಾಲಿಯೊಡನೆ ಅವರ ವ್ಯವಹಾರ ಏನಾಯಿತೋ ನಮಗೆ ಸಂಬಂಧವಿಲ್ಲ. ಕಾಕಾ ಅವರ ಹಣ ಪೂರ್ತಿ ಬಂತು. ಮ್ಯಾನೇಜರು ಕ್ಷಮೆ ಕೇಳಲಿಲ್ಲ. ಆದರೆ ಮುಂದಿನ ಕೆಲಸಕ್ಕೆ ತಾನೇ ಫೋನು ಮಾಡಿದ.

ನಮ್ಮ ಸರಕಾರವೂ 2021ರಲ್ಲಿ 50 ವರ್ಷಕ್ಕೂ ಹಳೆಯ ಗಾಡಿಗಳ ನೋಂದಣಿಗೆ ಬೇರೆ ನಿಯಮ ಮಾಡಿತು. ಚಾಸಿಸ್, ಮೈ, ಎಂಜಿನು ಮೂಲ ರೂಪದಲ್ಲಿ ಇರಬೇಕೆಂಬುದು ಅದರ ಮುಖ್ಯ ಮಾತು. ಹೀಗಾಗಿ ಹಳೆಯ ಗಾಡಿಗಳ ಕೆಲಸ ನಮ್ಮ ಹುಡುಗರ ಕೈಗೆ ಇನ್ನೂ ಬರಬಹುದು. ಅವರಿಗೆ ನನ್ನ ಅರಿಕೆ ನಾಲ್ಕೇ ಮಾತಿನದು.

ಒಂದು: ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ತಾರೀಖು ಬರೆಯಿರಿ.
ಎರಡು: ಹಳೆಯ ಚರ್ಮ, ಜಮಖಾನೆ, ದಾರ ಯಾವುದನ್ನೂ ಕಸಕ್ಕೆ ಎಸೆಯಬೇಡಿರಿ, ಮಾಲಿಕನಿಗೆ ಲೆಕ್ಕ ಕೊಟ್ಟು ಒಪ್ಪಿಸಿರಿ.
ಮೂರು: ಬಣ್ಣವನ್ನು ಹಗಲಿನಲ್ಲಿ ನೋಡಿರಿ, ನನ್ನಂಥ ಜಾಣರ ಮಾತನ್ನು ಬಲ್ಬಿನ ಕೆಳಗೆ ನಂಬಬೇಡಿರಿ.
ನಾಲ್ಕು: ಅನುಮಾನ ಬಂದಲ್ಲಿ ಕೆಲಸ ನಿಲ್ಲಿಸಿ, ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ತಿಳಿಸಿರಿ. ಬರೆಯಲು ಬಾರದಿದ್ದರೆ ರವಿವಾರ ಇಲ್ಲಿಗೆ ಬನ್ನಿರಿ, ನಾವು ಬರೆದುಕೊಡುತ್ತೇವೆ.

ಕಾಕಾ ಮಾಡಿದ ಇನ್ನೊಂದು ಕೆಲಸವನ್ನು ಹೇಳಿ ಮುಗಿಸುತ್ತೇನೆ. ಹೊಸ ಸೀಟು ಕೂಡಿಸುವ ದಿನ, ಸೇಠರನ್ನು ಕೇಳಿ, ಹಳೆಯ ಹಸಿರು ಚರ್ಮದ ಅಂಗೈಯಗಲದ ಒಂದು ತುಂಡನ್ನು ಲಕೋಟೆಯಲ್ಲಿಟ್ಟು ಸೀಟಿನ ಅಡಿಯಲ್ಲಿ ಸೇರಿಸಿ ಹೊಲಿದರು. ಲಕೋಟೆಯ ಮೇಲೆ ಏನು ಬರೆಯಲಿ ಎಂದು ನನ್ನನ್ನು ಕೇಳಿದರು. ಕನ್ನಡದಲ್ಲಿಯೂ ಇಂಗ್ಲೀಷಿನಲ್ಲಿಯೂ ಬರೆದುಕೊಟ್ಟೆ: ಕಾರಖಾನೆಯ ಚರ್ಮ, ಬಲ ಸೀಟಿನ ಮಡಿಕೆಯಿಂದ ತೆಗೆದದ್ದು, ಇಂಥ ತಾರೀಖು. ಮುಂದೆ ಯಾವನಾದರೂ ಆ ಸೀಟನ್ನು ಬಿಚ್ಚಿದರೆ ಅವನು ಯಾರೊಡನೆಯೂ ಜಗಳವಾಡಬೇಕಾಗಿಲ್ಲ.

 ಕಾಕಾ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ದಾರದ ವಿಷಯದಲ್ಲಿ ಪ್ರಶ್ನೆಗಳಿದ್ದರೆ ಅವರನ್ನೇ ಕೇಳಬೇಕು. ನನ್ನನ್ನು ಕೇಳಿದರೆ ಮತ್ತೆ ಬೂದುಬಣ್ಣ ಎಂದೇನು.